ಹೆದರಿಕೆ ಮಂಗನ ಮೇಲೆ, ಕಚ್ಚೋದು ಉಣುಗು!

ಮಲೆನಾಡಿನ ಬಸ್ಸುಗಳಲ್ಲಿ ಬೇಸಿಗೆ ಹತ್ತಿರ ಬಂದಾಗ ಕಾಣುವ ದೃಶ್ಯ ಇದು. ಮಂಗನ ಕಾಯಿಲೆ ಬಿದ್ದ ಊರಿನ ಸ್ಟಾಪಿನಲ್ಲಿ ಯಾರಾದರೂ ಹತ್ತಿದರೆ ಸಾಕು, ಪಕ್ಕದ ಸೀಟಿನವರು ಮೆಲ್ಲಗೆ ಕಿಟಕಿ ಕಡೆಗೆ ಸರಿಯುತ್ತಾರೆ. ಕೆಮ್ಮಿದರಂತೂ ಮುಗೀತು, ಎದ್ದು ನಿಂತೇ ಪ್ರಯಾಣ! ಹಾಗೆ ಎದ್ದು ನಿಂತ ಮಹಾಶಯರೇ ಮನೆಗೆ ಹೋಗಿ, ಬರಿಗಾಲಲ್ಲಿ ಕಾಡು ಹೊಕ್ಕು, ಒಂದು ಹೊರೆ ದರಗು ಗುಡಿಸಿ ತಂದು ಕೊಟ್ಟಿಗೆ ಮುಂದೆ ಸುರಿಯುತ್ತಾರೆ.

ಅಪಾಯ ಇದ್ದದ್ದು ಸೀಟಿನಲ್ಲಲ್ಲ ಸ್ವಾಮೀ, ಆ ಹೊರೆಯಲ್ಲಿ.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಒಂದೇ ಲೋಟದಲ್ಲಿ ಚಾ ಕುಡಿದರೂ ಬರುವುದಿಲ್ಲ, ಒಂದೇ ಸೀಟಿನಲ್ಲಿ ಕೂತರೂ ಬರುವುದಿಲ್ಲ. ಅದನ್ನು ಹೊತ್ತು ತರುವುದು ಉಣುಗು. ಕೆಲವರು ಉಣ್ಣೆ ಅಂತಲೂ ಅಂತಾರೆ. ಅದರಲ್ಲೂ ಎಳ್ಳುಕಾಳಿಗಿಂತ ಸಣ್ಣದಾದ ಮರಿ ಉಣುಗೇ ಮನುಷ್ಯರಿಗೆ ಹೆಚ್ಚು ಕಚ್ಚುವುದು. ಕಚ್ಚಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗೋದಿಲ್ಲ. ಕಾಣದ್ದಕ್ಕೆ ಹೆದರೋದು ಹೇಗೆ? ಆದ್ದರಿಂದ ಜನ ಕಾಣುವುದಕ್ಕೆ ಹೆದರುತ್ತಾರೆ: ಸತ್ತ ಮಂಗನಿಗೆ, ಇಲ್ಲವೇ ಕಾಯಿಲೆ ಬಿದ್ದ ಊರಿನವರಿಗೆ.

ಕ್ಯಾಸನೂರಿನಿಂದ ಶುರು

1957ರ ಬೇಸಿಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಉದುರತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಪರೀಕ್ಷೆ ಮಾಡಿದರೆ ಅದು ಯಾರೂ ಕಂಡಿರದ ಹೊಸ ವೈರಸ್. ಕಾಡಿನ ಹೆಸರೇ ರೋಗಕ್ಕೂ ಬಂತು.

ಆಗಿನಿಂದ "ಅದು ಸೊರಬ, ಸಾಗರದ ಕಡೆಯವರ ರೋಗ, ನಮ್ಮಲ್ಲಿಗೆ ಬರೋಲ್ಲ" ಅನ್ನುವ ಮಾತು ಊರೂರಲ್ಲೂ ಇತ್ತು. ರೋಗ ಆ ಮಾತನ್ನು ಕೇಳಲಿಲ್ಲ. 1982-83ರಲ್ಲಿ ಬೆಳ್ತಂಗಡಿ ಕಡೆ ಸುಮಾರು ಒಂದೂವರೆ ಸಾವಿರ ಜನರನ್ನು ಹಿಡಿಯಿತು. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಾಗ, ಸತ್ತ ಮಂಗಗಳ ವಿಲೇವಾರಿಗೆ ಹೋದವರಿಗೇ ಅಂಟಿತು. ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗವನ್ನೂ ಮುಟ್ಟಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಎದ್ದ ಕಾಯಿಲೆ 2019ರಲ್ಲಿ ಹತ್ತಕ್ಕೂ ಹೆಚ್ಚು ಜೀವ ತೆಗೆಯಿತು.

ಮಳೆ ಬಂತು, ಮರೆತೂ ಹೋಯ್ತು

ಉಣುಗಿನ ಕಾಟ ಡಿಸೆಂಬರಿನಿಂದ ಮೇ ತನಕ. ಮೊದಲ ಸಾವಿನ ಸುದ್ದಿ ಬಂದಾಗ ಊರೆಲ್ಲಾ ಗದ್ದಲ. ಆಸ್ಪತ್ರೆ ಮುಂದೆ ಸಾಲು, ಅಧಿಕಾರಿಗಳ ಜೀಪು, ಪಂಚಾಯ್ತಿಯಲ್ಲಿ ಸಭೆ. ಜೂನ್ ಮಳೆ ಬಿದ್ದರೆ ಎಲ್ಲಾ ತಣ್ಣಗೆ. ಮುಂದಿನ ವರ್ಷ ಆ ಕಾಡಿನಲ್ಲಿ ಮಂಗ ಸಾಯದಿದ್ದರೆ, ರೋಗ ಹೋಯಿತು ಅಂತಲೇ ಲೆಕ್ಕ.

ಈ ಮರೆವಿಗೆ ಬಲಿಯಾದದ್ದು ಲಸಿಕೆ. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಬೂಸ್ಟರ್ ಬೇಕಿತ್ತು. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಎರಡು ಡೋಸಿಗೆ ಶೇಕಡಾ 62ರಷ್ಟು, ಬೂಸ್ಟರೂ ಸೇರಿದರೆ ಸುಮಾರು 83ರಷ್ಟು ರಕ್ಷಣೆ ಕಂಡಿತ್ತು. ಆದರೆ ಸೂಜಿ ಚುಚ್ಚಿದ ಜಾಗ ಉರಿಯುತ್ತಿತ್ತು. ಕೆಲಸ ಬಿಟ್ಟು ಹೋದರೆ ಒಂದು ದಿನದ ಕೂಲಿಗೂ ಖೋತಾ. ಊರಲ್ಲಿ ಕಾಯಿಲೆಯೇ ಇಲ್ಲದಾಗ ಯಾರು ಹೋಗ್ತಾರೆ? ಕಾಯಿಲೆ ಬಂದ ಮೇಲೆ ಓಡಿದರೆ ಡೋಸ್ ಮುಗಿಯುವಷ್ಟರಲ್ಲಿ ಬೇಸಿಗೆಯೇ ಮುಗಿಯುತ್ತಿತ್ತು. ಲಸಿಕೆಯ ಶಕ್ತಿಯ ಬಗ್ಗೆಯೂ ಪ್ರಶ್ನೆ ಎದ್ದು, 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈ ಹಾಕಿತು. ಹಳೆಯದು ನಿಂತ ಮೇಲೆ ಕಾಡಿಗೆ ಹೋಗುವವರ ಕೈಯಲ್ಲಿ ಉಳಿದದ್ದು ಎಣ್ಣೆ ಬಾಟ್ಲಿ ಮತ್ತು ಎಚ್ಚರ, ಎರಡೇ.

ಮುಚ್ಚಿಡುವ ಜ್ವರ

ತಪ್ಪು ಹೆದರಿಕೆಯಿಂದ ನಷ್ಟ ಎರಡು ಕಡೆ. ಕಾಯಿಲೆ ಊರು ಅಂತ ಹೆಸರು ಬಿದ್ದರೆ ಅಲ್ಲಿನ ಅಂಗಡಿಗೆ ಗಿರಾಕಿ ಇಲ್ಲ, ಹೋಟ್ಲು ಖಾಲಿ, ನೆಂಟರೂ ಬರೋದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಜನ ದೂರ ಇಡುತ್ತಾರೆಂದು ಅಂಜಿ ಮನೆಯವರು ಜ್ವರವನ್ನೇ ಮುಚ್ಚಿಡುತ್ತಾರೆ. ಅಂಗಡಿಯಲ್ಲಿ ಸಿಗುವ ಮಾತ್ರೆ ನುಂಗಿ ನಾಲ್ಕು ದಿನ ಕಳೆಯುತ್ತಾರೆ. ಆ ನಾಲ್ಕು ದಿನವೇ ದುಬಾರಿ.

ಉಣುಗು ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು, ಕಣ್ಣು ಕೆಂಪು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಇನ್ನು ಕೆಲವರಿಗೆ ಜ್ವರ ಬಿಟ್ಟು, ವಾರ ಎರಡು ವಾರ ಕಳೆದು ಮತ್ತೆ ತಿರುಗಿ ಬರುತ್ತದೆ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ, ನೀರು, ರಕ್ತದ ಮಟ್ಟ ನೋಡಿಕೊಂಡರೆ ಬಹಳಷ್ಟು ಜನ ಬದುಕುತ್ತಾರೆ.

ಎಣ್ಣೆ ವಾಸನೆ ತಡಕೊಳ್ಳಿ

ಮಾಡಬೇಕಾದ್ದು ದೊಡ್ಡದೇನಲ್ಲ. ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಸವರಬೇಕು. ಮೈ ಮುಚ್ಚುವ ಬಟ್ಟೆ ಹಾಕಬೇಕು. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ, ಬಟ್ಟೆಗೂ ಬಿಸಿನೀರು. ದರಗಿನ ರಾಶಿ ಮನೆ ಬಾಗಿಲಿಗೆ ಬೇಡ. ಕಾಡಲ್ಲಿ ಮೇದು ಬಂದ ದನದ ಮೈ ಮೇಲೂ ಕಣ್ಣಿರಲಿ. ಸತ್ತ ಮಂಗ ಕಂಡರೆ ಕೋಲಿನಿಂದಲೂ ಮುಟ್ಟಬಾರದು; ಹೆಣ ಬಿಟ್ಟ ಉಣುಗೆಲ್ಲ ಸುತ್ತಲೇ ಹರಿದಾಡುತ್ತಿರುತ್ತವೆ. ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದರೆ ಪುಡಿ ಹೊಡೆಯಲು ಬರುತ್ತಾರೆ.

ಅಂಗಡಿಯವರಿಂದಲೂ ಒಂದು ಉಪಕಾರ ಆಗಬಹುದು. ಬೇಸಿಗೆಯಲ್ಲಿ ಕಾಡಂಚಿನ ಗಿರಾಕಿ ಜ್ವರದ ಮಾತ್ರೆ ಕೇಳಿದರೆ, ಚಿಲ್ಲರೆ ಕೊಡುವಾಗ "ಕಾಡಿಗೆ ಹೋಗಿದ್ರಾ? ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬನ್ನಿ" ಅಂತ ಒಂದು ಮಾತು ಹೇಳಿದರೆ ಸಾಕು. ಬಸ್ಸಿನವರೂ ಅಷ್ಟೇ. ಪಕ್ಕದವರಿಂದ ಸರಿದು ಕೂರುವ ಬದಲು, ಮನೆಗೆ ಹೋಗಿ ಬಾಗಿಲ ಮುಂದಿನ ದರಗಿನ ರಾಶಿಯನ್ನು ದೂರ ಸರಿಸಲಿ.