ಹೊಗೆ ಸೋಸುವ ಕಾರಿಗೆ ಉದ್ದನೆಯ ದಾರಿ ಬೇಕು

ಚುರುಕಾದ ಡೀಸೆಲ್ ಹ್ಯಾಚ್‌ಬ್ಯಾಕ್ ಬೇಕೆಂದು ಈಗ ಯಾರಾದರೂ ಹೊರಟರೆ ಶೋರೂಮಿನಲ್ಲಿ ಸಿಗುವುದು ಒಂದೇ ಹೆಸರು: ಟಾಟಾ ಆಲ್ಟ್ರೋಝ್. 1.5 ಲೀಟರ್ ಎಂಜಿನ್, 90 ಪಿಎಸ್ ಶಕ್ತಿ, 200 ನ್ಯೂಟನ್ ಮೀಟರ್ ಟಾರ್ಕ್. ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದರೆ ಸಾಲು ಉದ್ದವಿದೆ. 250 ನ್ಯೂಟನ್ ಮೀಟರ್ ಟಾರ್ಕಿನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಡಿಐ, 100 ಪಿಎಸ್‌ನ ಫೋರ್ಡ್ ಫಿಗೋ, ಫಿಯೆಟ್ ಪುಂಟೋ, ಮಾರುತಿ ಸ್ವಿಫ್ಟ್, 2023ರವರೆಗೆ ಬಂದ ಹ್ಯುಂಡೈ ಐ20. ಜಯನಗರ ಆರ್‌ಟಿಒದ ಕೆಎ–05 ನಂಬರಿನ ಇಂಥ ಕಾರುಗಳು ಬನಶಂಕರಿ, ಜೆಪಿ ನಗರದ ಅಡ್ಡರಸ್ತೆಗಳಲ್ಲಿ ಇವತ್ತಿಗೂ ನಿಂತಿವೆ.

ಹೊಸದೋ ಹಳೆಯದೋ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ದುಡ್ಡಿನ ಲೆಕ್ಕದಲ್ಲೇ ಮುಗಿಸಿಬಿಡುತ್ತೇವೆ. ಆದರೆ ಡೀಸೆಲ್ ಕಾರುಗಳ ಮಟ್ಟಿಗೆ 2020ರ ಏಪ್ರಿಲ್ 1 ಒಂದು ದೊಡ್ಡ ಗೆರೆ. ಬಿಎಸ್–6 ಮಾಲಿನ್ಯ ನಿಯಮ ಜಾರಿಗೆ ಬಂದ ಆ ದಿನದಿಂದ ಕಾರಿನ ಹೊಟ್ಟೆಯೊಳಗಿನ ಯಂತ್ರವೇ ಬೇರೆಯಾಯಿತು.

ಮೊದಲು ಎಂಜಿನ್ ನೋಡೋಣ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರನೇ ಒಂದು ಪಾಲಿನಷ್ಟು ಜಾಗಕ್ಕೆ ಅದುಮಿದರೆ ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಈ ಸಿಂಪಡಣೆಯ ವಿದ್ಯೆ ದಕ್ಷಿಣ ಬೆಂಗಳೂರಿಗೆ ಹೊಸತಲ್ಲ. 1951ರಲ್ಲಿ ಸ್ಥಾಪನೆಯಾದ ಮೈಕೋ, ಅಂದರೆ ಇಂದಿನ ಬಾಷ್, ಬಿಟಿಎಂ ಲೇಔಟ್‌ಗೆ ಹತ್ತಿರದ ಆಡುಗೋಡಿಯ ಕಾರ್ಖಾನೆಯಲ್ಲಿ ದಶಕಗಟ್ಟಲೆ ಡೀಸೆಲ್ ಪಂಪುಗಳನ್ನು ತಯಾರಿಸಿತು. ಆ ಕಾಲದ ಪಂಪುಗಳ ಜಾಗಕ್ಕೆ ಈಗ ಕಾಮನ್ ರೈಲ್ ಎಂಬ ವ್ಯವಸ್ಥೆ ಬಂದಿದೆ. ಇದರಲ್ಲಿ ಇಂಧನದ ಒತ್ತಡ ವಾತಾವರಣದ ಒತ್ತಡದ 1,600 ಪಟ್ಟನ್ನೂ ಮೀರಬಹುದು.

ಓಟದ ಖುಷಿ ಕೊಡುವುದು ಟರ್ಬೋ. ಹೊರಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಟರ್ಬೋ ಇಲ್ಲದ ಎಂಜಿನ್ ಇಲ್ಲಿ ತುಸು ಸೊರಗುತ್ತದೆ. ಟರ್ಬೋ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಟರ್ಬೋಗಳಲ್ಲೂ ವ್ಯತ್ಯಾಸವಿದೆ. ಸ್ವಿಫ್ಟ್ ಮತ್ತು ಪುಂಟೋ ಎರಡಕ್ಕೂ ಇದ್ದದ್ದು ಫಿಯೆಟ್‌ನ 1,248 ಸಿಸಿ ಎಂಜಿನ್ನೇ. ಸ್ವಿಫ್ಟ್‌ನಲ್ಲಿ ಅದು 75 ಪಿಎಸ್ ಕೊಟ್ಟರೆ, ಪುಂಟೋ 90 ಎಚ್‌ಪಿ ಮಾದರಿಯಲ್ಲಿ 93 ಪಿಎಸ್. ಮುಖ್ಯ ಕಾರಣ, ಪುಂಟೋದ ಟರ್ಬೋದಲ್ಲಿದ್ದ ಓರೆಯಾಗುವ ರೆಕ್ಕೆಗಳು. ಎಂಜಿನ್ ನಿಧಾನವಿದ್ದಾಗ ಈ ರೆಕ್ಕೆಗಳು ದಾರಿಯನ್ನು ಕಿರಿದು ಮಾಡಿ ಹೊಗೆಯ ವೇಗ ಹೆಚ್ಚಿಸುತ್ತವೆ. ಜೋರಾದಾಗ ಅಗಲವಾಗಿ ತೆರೆದುಕೊಳ್ಳುತ್ತವೆ. ಹಾಗಿದ್ದರೂ ಎಂಜಿನ್ ತೀರಾ ನಿಧಾನವಿದ್ದಾಗ ಟರ್ಬೋ ಪೂರ್ತಿ ಎಚ್ಚೆತ್ತಿರುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಾಫ್ ಕ್ಲಚ್‌ನಲ್ಲಿ ತೆವಳುವಾಗ 250 ನ್ಯೂಟನ್ ಮೀಟರ್ ಇದ್ದೂ ಇಲ್ಲದಂತೆ. ಸವೆಯುವುದು ಕ್ಲಚ್ ಮಾತ್ರ.

ಇನ್ನು 2020ರ ಗೆರೆ. ಬಿಎಸ್–4 ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿಕಣ, 250 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಬಿಡಬಹುದಿತ್ತು. ಬಿಎಸ್–6ರಲ್ಲಿ ಈ ಮಿತಿ 4.5 ಮತ್ತು 80ಕ್ಕೆ ಇಳಿಯಿತು. ಅದಕ್ಕಾಗಿ ಸೈಲೆನ್ಸರ್ ಕೊಳವೆಗೆ ಡಿಪಿಎಫ್ ಎಂಬ ಶೋಧಕ ಬಂತು. ಅದು ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ. ಅದರ ಸಣ್ಣ ಸಣ್ಣ ನಾಳಗಳಲ್ಲಿ ಒಂದು ಈ ತುದಿಯಲ್ಲಿ ಮುಚ್ಚಿದ್ದರೆ, ಪಕ್ಕದ್ದು ಆ ತುದಿಯಲ್ಲಿ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ತೂರಿಯೇ ಹೊರಬರಬೇಕು. ಮಸಿ ಒಳಗೇ ಉಳಿಯುತ್ತದೆ.

ಉಳಿದ ಮಸಿಯನ್ನು ಆಗಾಗ ಸುಡಬೇಕು. ಶೋಧಕದ ಎರಡು ಬದಿಯ ಒತ್ತಡದ ವ್ಯತ್ಯಾಸ ಅಳೆದು, ಮಸಿ ತುಂಬಿತೆಂದು ತಿಳಿದ ಕೂಡಲೇ ಕಾರಿನ ಕಂಪ್ಯೂಟರ್ ಸ್ವಲ್ಪ ಹೆಚ್ಚುವರಿ ಡೀಸೆಲನ್ನು ತಡವಾಗಿ ಸಿಂಪಡಿಸುತ್ತದೆ. ಹೊಗೆಯ ಬಿಸಿ 600 ಡಿಗ್ರಿ ಸುಮಾರಿಗೆ ಏರಿ ಮಸಿ ಉರಿದುಹೋಗುತ್ತದೆ. ಇದಕ್ಕೆ ನಿಲ್ಲದ ಓಟ ಬೇಕು, ಸಾಮಾನ್ಯವಾಗಿ 15–20 ನಿಮಿಷ. ಸಿಲ್ಕ್ ಬೋರ್ಡ್‌ನಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗುವ ಮೇಲ್ರಸ್ತೆಯ ಹತ್ತು ಕಿಲೋಮೀಟರ್ 80ರ ವೇಗದಲ್ಲಿ ಏಳೂವರೆ ನಿಮಿಷಕ್ಕೇ ಮುಗಿಯುತ್ತದೆ. ಕನಕಪುರ ರಸ್ತೆಯಿಂದ ನೈಸ್ ರಸ್ತೆ ಹತ್ತಿದರೆ ಅಥವಾ ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದರೆ ಕೆಲಸ ಸಲೀಸು. ಜಯನಗರ ನಾಲ್ಕನೇ ಬ್ಲಾಕಿನಿಂದ ಬಿಟಿಎಂಗೆ ಸಿಗ್ನಲ್ ಎಣಿಸುತ್ತ ಹೋಗುವ ಕಾರಿಗೆ ಈ ಅವಕಾಶ ಸಿಗುವುದೇ ಇಲ್ಲ.

ಮಸಿ ಸುಡುವ ಕೆಲಸ ಅರ್ಧದಲ್ಲಿ ನಿಂತರೆ ತೊಂದರೆ ಎರಡು ಕಡೆ. ಶೋಧಕ ಕಟ್ಟಿಕೊಳ್ಳುತ್ತದೆ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ನೋಡುವ ಕಡ್ಡಿ ಎಳೆದಾಗ ಮಟ್ಟ ಮೇಲಿನ ಗುರುತನ್ನೂ ದಾಟಿದ್ದರೆ, ಡೀಸೆಲ್ ವಾಸನೆಯೂ ಬಂದರೆ, ಕಾರು ಬರೀ ಊರೊಳಗೇ ಓಡಿದೆ ಎಂದು ಅನುಮಾನಿಸಬೇಕು. ಸೆಕೆಂಡ್ ಹ್ಯಾಂಡ್ ಬಿಎಸ್–6 ಕಾರು ಕೊಳ್ಳುವಾಗ ಸೈಲೆನ್ಸರ್ ಬಾಯೊಳಗೂ ಬೆರಳಾಡಿಸಿ. ಡಿಪಿಎಫ್ ಸರಿಯಿದ್ದರೆ ಬೆರಳಿಗೆ ಮಸಿ ಹತ್ತುವುದು ತೀರಾ ಕಡಿಮೆ. ಕರಿ ಮೆತ್ತಿಕೊಂಡರೆ ಶೋಧಕ ಒಡೆದಿರಬೇಕು, ಇಲ್ಲವೇ ಯಾರೋ ಅದನ್ನು ಕಿತ್ತುಹಾಕಿಸಿರಬೇಕು.

ಬಿಎಸ್–4 ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಡಿಪಿಎಫ್ ಇಲ್ಲ, ಆ ತಲೆನೋವೂ ಇಲ್ಲ. ಅವುಗಳ ಪರೀಕ್ಷೆಯೇ ಬೇರೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕರಿಹೊಗೆ ಬಂದರೆ ಇಂಜೆಕ್ಟರ್, ಟರ್ಬೋ ಅಥವಾ ಗಾಳಿಕೊಳವೆಯಲ್ಲಿ ದೋಷ. ಪೋಲೋ ಆದರೆ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಹೊಗೆ ಪರೀಕ್ಷೆಯ ಹಗರಣದ ನಂತರ ಫೋಕ್ಸ್‌ವ್ಯಾಗನ್ ಸಮೂಹ 2015ರ ಡಿಸೆಂಬರ್‌ನಲ್ಲಿ ಭಾರತದಲ್ಲಿ 3 ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ವಾಪಸ್ ಕರೆಸಿ ತಂತ್ರಾಂಶ ಸರಿಪಡಿಸಲು ಮುಂದಾಯಿತು. ಅದಕ್ಕಿಂತ ಹಳೆಯ ಪೋಲೋ ಆದರೆ ಆ ತಂತ್ರಾಂಶ ದುರಸ್ತಿ ಆಗಿದೆಯೇ ನೋಡಿ. ದೆಹಲಿಯ ಹಳೆಯ ಡೀಸೆಲ್ ಕಾರು ಅಗ್ಗಕ್ಕೆ ಸಿಗಬಹುದು. ಆದರೆ ಎನ್‌ಒಸಿ ತಂದು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕಿ.

ವಾರಕ್ಕೊಮ್ಮೆಯಾದರೂ ಹಾಸನ, ಮೈಸೂರಿನ ಕಡೆ ಓಡುವವರಿಗೆ ಹೊಸ ಡೀಸೆಲ್ ಸರಿ. ವಾರಂಟಿಯೂ ಇರುತ್ತದೆ, ಶೋಧಕವೂ ತನ್ನ ಪಾಡಿಗೆ ಶುಚಿಯಾಗುತ್ತಿರುತ್ತದೆ. ಗೇರ್ ಬದಲಿಸುವ ಖುಷಿಗಾಗಿಯೇ ಕಾರು ಕೊಳ್ಳುವವರಿಗೆ, ನಂಬಿಕೆಯ ಮೆಕ್ಯಾನಿಕ್ ಇದ್ದರೆ, ಹಳೆಯ ಪೋಲೋ ಅಥವಾ ಫಿಗೋ ಒಪ್ಪುತ್ತದೆ. ಅದರ ಹೊಗೆ ಮಾತ್ರ ಶೋಧಕವಿಲ್ಲದೆ ನೆರೆಹೊರೆಯವರ ಮೂಗಿಗೇ ಹೋಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಆಫೀಸಿಗೆ ಹೋಗುವಷ್ಟೇ ಓಡಾಟವಿದ್ದರೆ ಡೀಸೆಲ್ಲೇ ಬೇಡ. ಪೆಟ್ರೋಲ್ ಅಥವಾ ಎಲೆಕ್ಟ್ರಿಕ್ ನೋಡಿ. ಮುಂಗಡ ಕೊಡುವ ಮೊದಲು ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಅದರಲ್ಲಿ ಎಷ್ಟು ಕಿಲೋಮೀಟರ್ ನಿಲ್ಲದೆ ಓಡುತ್ತೀರಿ ಎಂಬುದನ್ನು ನೀವೇ ಕೇಳಿಕೊಳ್ಳಬೇಕು.