ವಾರದ ಮೊದಲ ಬೆಳಗು

ಕಾಫಿಯ ಕೊಯ್ಲು ಭರದಿಂದ ಸಾಗಿರುವ ಪುಷ್ಯಮಾಸದ ಚಳಿಯಲ್ಲಿ, ಮೂಡಿಗೆರೆ ಕಳಸಗಳ ಕಣಿವೆಗಳಲ್ಲಿ ಮಲಗಿದ ಮಂಜು ಇನ್ನೂ ಕರಗದಿರುವಾಗಲೇ, ಇಗರ್ಜಿಯ ಗಂಟೆಗೆ ಓಗೊಟ್ಟು ತೋಟದ ಹಾದಿಗಳಲ್ಲಿ ನಡೆದುಬರುವ ಕ್ರೈಸ್ತ ಕುಟುಂಬಗಳನ್ನು ಕಂಡವರು, ಭಾನುವಾರವೆಂಬುದು ಅವರಿಗೆ ಬರಿಯ ಬಿಡುವಿನ ದಿನವೆಂದು ಭಾವಿಸಲಾರರು.

ಸೃಷ್ಟಿಕಾರ್ಯವನ್ನು ಮುಗಿಸಿ ದೇವರು ವಿಶ್ರಮಿಸಿದನೆಂದು ಯೆಹೂದ್ಯರು ಆಚರಿಸುವ ಸಬ್ಬತ್ ದಿನವು ವಾರದ ಏಳನೆಯದಾದ ಶನಿವಾರ. ಅದರ ಮರುದಿನ, ವಾರದ ಮೊದಲ ದಿನದ ಮುಂಜಾವಿನಲ್ಲಿ, ಯೇಸುವಿನ ಸಮಾಧಿಯು ಬರಿದಾಗಿದ್ದುದನ್ನು ಸ್ತ್ರೀಯರು ಕಂಡರೆಂದು ನಾಲ್ಕು ಸುವಾರ್ತೆಗಳೂ ಹೇಳುತ್ತವೆ. ಆ ಪುನರುತ್ಥಾನದ ಸ್ಮರಣೆಯಿಂದಲೇ ಭಾನುವಾರವು ‘ಕರ್ತನ ದಿನ’ವಾಯಿತು. ಸುಮಾರು ಕ್ರಿ.ಶ. 155ರಲ್ಲಿ ಆದಿಕಾಲದ ಕ್ರೈಸ್ತ ಲೇಖಕ ಸಂತ ಜಸ್ಟಿನನು, ಈ ದಿನ ನಗರದವರೂ ಹಳ್ಳಿಯವರೂ ಒಂದೆಡೆ ನೆರೆದು ಗ್ರಂಥಪಠನವನ್ನಾಲಿಸಿ, ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಂಡು, ಅನಾಥರಿಗೂ ವಿಧವೆಯರಿಗೂ ಕಾಣಿಕೆಯೆತ್ತುತ್ತಿದ್ದ ಬಗೆಯನ್ನು ವರ್ಣಿಸಿದ್ದಾನೆ. ವಿಶ್ರಾಂತಿಯು ಕಾನೂನಾದದ್ದು 321ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಶಾಸನದಿಂದ. ಅಂದರೆ ನೆರೆಯುವಿಕೆ ಮೊದಲು, ಬಿಡುವು ಅನಂತರ.

ಆ ಶಾಸನದಲ್ಲಿಯೂ, ಹದ ತಪ್ಪಿದರೆ ಫಲ ಕೈತಪ್ಪೀತೆಂದು, ಬೇಸಾಯಗಾರರಿಗೆ ವಿನಾಯಿತಿಯಿದ್ದಿತು. ಈ ಮಾತು ನಮ್ಮ ಮಲೆನಾಡಿನವರಿಗೆ ಎಷ್ಟು ಹತ್ತಿರದ್ದು! ಕಣದಲ್ಲಿ ಹರವಿದ ಕಾಫಿಯು ವಾರ ತಿಥಿಗಳನ್ನರಿಯದು. ಭಾನುವಾರವಾದರೂ ಅದನ್ನು ಕೈಯಾಡಿಸಿ ಒಣಗಿಸಲೇಬೇಕು, ಮೋಡ ಕವಿದರೆ ಓಡಿಹೋಗಿ ಮುಚ್ಚಲೇಬೇಕು. ಪೂಜೆಯನ್ನು ಮುಗಿಸಿ ಕಣಕ್ಕೆ ಹಿಂದಿರುಗುವವನಿಂದ ದಿನದ ಪಾವಿತ್ರ್ಯವು ಕುಂದಿತೆಂದು ನಾನಂತೂ ಎಣಿಸಲಾರೆ.

ಈ ಕಣಿವೆಗಳನ್ನೊಳಗೊಂಡ ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತವು ಮೈಸೂರು ಧರ್ಮಪ್ರಾಂತದಿಂದ ಬೇರ್ಪಟ್ಟು ಜನ್ಮವೆತ್ತಿದ್ದು 1963ರ ನವೆಂಬರ್ 16ರಂದು. ನಗರದ ಸಂತ ಜೋಸೆಫರ ಇಗರ್ಜಿಯು ಅದರ ಪ್ರಧಾನಾಲಯ. ಅದಾದ ಹದಿನೆಂಟನೆಯ ದಿನ, ದೂರದ ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ಅದುವರೆಗೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆಗೆ ದೇಶಭಾಷೆಗಳ ಬಾಗಿಲನ್ನು ತೆರೆಯಿತು. ಹೀಗಾಗಿ ಈ ಧರ್ಮಪ್ರಾಂತದ ಬಾಲ್ಯವೇ ಕನ್ನಡ ಪೂಜೆಯ ಬಾಲ್ಯವೂ ಆಯಿತು. ಭಾನುವಾರದ ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ: ಇಗರ್ಜಿ, ಪಾದ್ರಿ ಎಂಬ ಶಬ್ದಗಳನ್ನು ಪೋರ್ಚುಗೀಸರಿಂದ ಪಡೆದ ಕೊಂಕಣಿ ಕ್ರೈಸ್ತರು, ಅವರ ‘ದೊಮಿಂಗೊ’ವನ್ನು ಮಾತ್ರ ಒಲ್ಲದೆ, ನಮ್ಮ ಆದಿತ್ಯವಾರದ ಬಳಗದ ‘ಆಯ್ತಾರ’ವನ್ನೇ ಉಳಿಸಿಕೊಂಡರು.

ಭಾನುವಾರದ ಆ ಕೂಟಕ್ಕೆ ಬರಲಾರದವರ ಪಾಲನ್ನು ಸಭೆಯ ಸೇವಕರು ಮನೆಗೊಯ್ಯುತ್ತಿದ್ದರೆಂದೂ ಜಸ್ಟಿನನು ಬರೆದಿದ್ದಾನೆ. ಹಾಸಿಗೆ ಹಿಡಿದ ವೃದ್ಧರಿಗೆ ಪರಮಪ್ರಸಾದವು ಇಂದಿಗೂ ಹಾಗೆಯೇ, ಕಾಫಿಗಿಡಗಳ ನಡುವಣ ಮನೆಗಳ ಬಾಗಿಲಿಗೇ ಹೋಗುತ್ತದೆ.