ಹಾರ್ಡ್ ಡಿಸ್ಕ್ ಪದೇ ಪದೇ ಡಿಸ್‌ಕನೆಕ್ಟ್ ಆಗುತ್ತಿದೆಯೇ? ಫ್ರೀಜರ್‌ನಲ್ಲಿಡುವ ಮುನ್ನ ಇದನ್ನು ಓದಿ

“ಕಂಪ್ಯೂಟರಿಗೆ ಜೋಡಿಸಿದ ಹಾರ್ಡ್ ಡಿಸ್ಕ್ ಆಗಾಗ ಮಾಯವಾಗುತ್ತಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ.” “ಮೆಲ್ಲಗೆ ಎರಡು ಏಟು ಕೊಟ್ಟರೆ ಸಾಕು.” “ಫಾರ್ಮ್ಯಾಟ್ ಮಾಡಿ, ಎಲ್ಲ ಸರಿಹೋಗುತ್ತದೆ.” ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ, ಯೂಟ್ಯೂಬ್ ವಿಡಿಯೊಗಳಲ್ಲಿ ತಿರುಗುತ್ತಲೇ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ?

ಚಿಕ್ಕ ಉತ್ತರ ಇದು: ಹೀಗೆ ಬಂದು ಹೋಗುವ ಡಿಸ್ಕಿನಲ್ಲಿ ಎಷ್ಟೋ ಸಲ ಕೆಟ್ಟಿರುವುದು ಡಿಸ್ಕ್ ಅಲ್ಲ, ಅದರ ಕೇಬಲ್ ಅಥವಾ ಅದಕ್ಕೆ ಸಿಗುತ್ತಿರುವ ವಿದ್ಯುತ್. ಆದರೆ ನಿಜವಾಗಿಯೂ ಡಿಸ್ಕೇ ಕೆಡುತ್ತಿದ್ದರೆ, ಮೇಲಿನ ಮೂರೂ ಸಲಹೆಗಳು ಅದರಲ್ಲಿರುವುದನ್ನು ಉಳಿಸಿಕೊಳ್ಳುವ ಕೊನೆಯ ಅವಕಾಶವನ್ನು ಹಾಳು ಮಾಡಬಲ್ಲವು. ಹಾಗಾಗಿ ನಿಯಮ ಒಂದೇ: ಮೊದಲು ಫೈಲುಗಳನ್ನು ಉಳಿಸಿ, ರಿಪೇರಿಯ ಮಾತು ಆಮೇಲೆ.

ಹುಬ್ಬಳ್ಳಿ-ಧಾರವಾಡದಂಥ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಮದುವೆ ಸೀಸನ್ನಿನಲ್ಲಿ ಫೋಟೊ ಸ್ಟುಡಿಯೊದ ಒಂದೇ ಡಿಸ್ಕಿನಲ್ಲಿ ಹಲವು ಮನೆಗಳ ಮದುವೆ ಇರಬಹುದು. ಕರ್ನಾಟಕ ವಿಶ್ವವಿದ್ಯಾಲಯದ, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯ ವರ್ಷಗಳ ದುಡಿಮೆ ಅಂಗೈಯಗಲದ ಡಬ್ಬಿಯಲ್ಲಿ ಇರಬಹುದು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ ಬಾಳಿದ ಈ ಊರುಗಳಲ್ಲಿ ಯಾರೋ ಹಳೆಯ ಬೈಠಕ್‌ನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಟ್ಟಿರಬಹುದು. ಡಿಸ್ಕ್ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, ಅದರೊಳಗಿನ ಧ್ವನಿ ಸಿಗುವುದಿಲ್ಲ.

ಡಬ್ಬಿಯೊಳಗೆ ಏನಿದೆ?

ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ ಎರಡು ಭಾಗಗಳಿವೆ. ಒಂದು, ಡಿಸ್ಕ್. ಇನ್ನೊಂದು, ಡಿಸ್ಕಿನ ಭಾಷೆಯನ್ನು ಯುಎಸ್‌ಬಿ ಭಾಷೆಗೆ ಬದಲಿಸುವ ಸಣ್ಣ ಸರ್ಕ್ಯೂಟು. ಡಿಸ್ಕಿನೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ಓದುವ-ಬರೆಯುವ ಹೆಡ್ ತೇಲುತ್ತಿರುತ್ತದೆ. ಮನುಷ್ಯನ ಕೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಅಂದರೆ ಬರಿಗಣ್ಣಿಗೆ ಕಾಣದ ಧೂಳಿನ ಕಣವೂ ಆ ಸಂದಿಯಲ್ಲಿ ಗುಡ್ಡದಂತೆ.

ಕೇಬಲ್, ಸರ್ಕ್ಯೂಟು, ಡಿಸ್ಕ್ ಇವುಗಳಲ್ಲಿ ಯಾವುದು ಒಂದು ಕ್ಷಣ ಕೈಕೊಟ್ಟರೂ ಕಂಪ್ಯೂಟರಿಗೆ ಕಾಣುವುದು ಒಂದೇ: ಡಿಸ್ಕ್ ಇಲ್ಲ. ಅದಕ್ಕೇ ಪರದೆಯ ಮೇಲಿನ ಸಂದೇಶದಿಂದ ಕಾರಣ ತಿಳಿಯುವುದಿಲ್ಲ. ಯಾವಾಗ ಕಳಚಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ಮಾತ್ರ ಸುಳಿವು ಸಿಗುತ್ತದೆ.

ಯಾವಾಗ ಹೋಗುತ್ತದೆ? ಅದರಲ್ಲೇ ಉತ್ತರವಿದೆ

1. ಕೇಬಲ್ ಅಲುಗಿದಾಗ ಹೋಗುತ್ತದೆ: ಕೇಬಲ್ ಅಥವಾ ಪೋರ್ಟು ಸಡಿಲವಾಗಿದೆ. ಪೋರ್ಟೆಬಲ್ ಡಿಸ್ಕುಗಳ ಅಗಲವಾದ ಚಪ್ಪಟೆ ಪಿನ್ನು ಚೀಲದಲ್ಲಿ ಬಾಗಿ ಬಾಗಿ ಬೇಗ ಸಡಿಲಾಗುತ್ತದೆ. ಬೇರೆ ಕೇಬಲ್ ಹಾಕಿ ನೋಡಿ, ಆಮೇಲೆ ಬೇರೆ ಪೋರ್ಟು, ಆಮೇಲೆ ಬೇರೆ ಕಂಪ್ಯೂಟರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

2. ಜೋಡಿಸಿದ ಕೂಡಲೇ, ಅಥವಾ ದೊಡ್ಡ ಫೈಲ್ ಕಾಪಿ ಶುರುವಾದಾಗ ಹೋಗುತ್ತದೆ: ವಿದ್ಯುತ್ ಸಾಲುತ್ತಿಲ್ಲ. ಹಳೆಯ ಯುಎಸ್‌ಬಿ 2 ಪೋರ್ಟಿನ ಮಿತಿ 0.5 ಆಂಪಿಯರ್, ಯುಎಸ್‌ಬಿ 3 ಪೋರ್ಟಿನದು 0.9 ಆಂಪಿಯರ್. ನಿಂತ ತಟ್ಟೆ ತಿರುಗಲು ಶುರುವಾಗುವಾಗ ಪೋರ್ಟೆಬಲ್ ಡಿಸ್ಕ್ ಕ್ಷಣಕಾಲ 1 ಆಂಪಿಯರ್ ಹತ್ತಿರ ಕೇಳಬಹುದು. ಅಷ್ಟು ಸಿಗದಿದ್ದರೆ ಮೋಟರು ತಿರುಗಲು ನೋಡಿ ಮತ್ತೆ ನಿಲ್ಲುತ್ತದೆ. ಉದ್ದನೆಯ ತೆಳು ಕೇಬಲ್, ಅಡಾಪ್ಟರ್ ಇಲ್ಲದ ಅಗ್ಗದ ಯುಎಸ್‌ಬಿ ಹಬ್, ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟು ಇವೆಲ್ಲ ಈ ಕೊರತೆಯನ್ನು ಹೆಚ್ಚಿಸುತ್ತವೆ. ಗಿಡ್ಡ ಕೇಬಲ್ ತೆಗೆದುಕೊಂಡು ಡೆಸ್ಕ್‌ಟಾಪಿನ ಹಿಂಭಾಗದ ಪೋರ್ಟಿಗೆ ನೇರವಾಗಿ ಹಾಕಿ.

ಮೊಬೈಲಿಗೆ ಒಟಿಜಿ ಕೇಬಲ್ಲಿನಿಂದ, ಅಥವಾ ಟಿವಿಗೆ ಹಾರ್ಡ್ ಡಿಸ್ಕ್ ಜೋಡಿಸಿದಾಗ ಅದು ಬಂದು ಹೋಗುವುದಕ್ಕೂ ಬಹಳ ಸಲ ಇದೇ ಕಾರಣ. ಪೆನ್‌ಡ್ರೈವಿಗೆ ಸಾಕಾಗುವ ವಿದ್ಯುತ್ ತಿರುಗುವ ಡಿಸ್ಕಿಗೆ ಸಾಲದು.

3. ಸುಮ್ಮನೆ ಬಿಟ್ಟಾಗ, ಕೆಲವು ನಿಮಿಷದ ಮೇಲೆ ಹೋಗುತ್ತದೆ: ಇದು ವಿದ್ಯುತ್ ಉಳಿಸಲು ವಿಂಡೋಸ್ ಮಾಡುವ ಕೆಲಸ ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನೂ ನಿಲ್ಲಿಸಿ.

4. ಪ್ರತಿ ಸಲವೂ ಅದೇ ಫೈಲ್, ಅದೇ ಫೋಲ್ಡರ್ ಬಂದಾಗ ಹೋಗುತ್ತದೆ: ಇದು ಎಚ್ಚರಿಕೆಯ ಗಂಟೆ. ಆ ಜಾಗದಲ್ಲಿ ತಟ್ಟೆಯ ಮೇಲ್ಮೈ ಹಾಳಾಗಿರಬಹುದು.

5. ಟಕ್ ಟಕ್ ಎಂದು ಒಂದೇ ಲಯದಲ್ಲಿ ಸಪ್ಪಳ, ಇಲ್ಲವೇ ಉಜ್ಜಿದಂಥ ಸದ್ದು ಬರುತ್ತದೆ: ಹೊಸ ಕೇಬಲ್, ಸರಿಯಾದ ಪೋರ್ಟು ಕೊಟ್ಟ ಮೇಲೂ ಈ ಸಪ್ಪಳ ಇದ್ದರೆ ಹೆಡ್ ದಾರಿ ತಪ್ಪಿದೆ. ತಕ್ಷಣ ಡಿಸ್ಕ್ ತೆಗೆದಿಡಿ. “ಇನ್ನೊಂದೇ ಸಲ ನೋಡೋಣ” ಎನ್ನುವ ಪ್ರತಿ ಪ್ರಯತ್ನವೂ ತಟ್ಟೆಯನ್ನು ಕೆರೆಯುತ್ತಿರಬಹುದು.

ಎಸ್‌ಎಸ್‌ಡಿ ಆದರೆ ಸಪ್ಪಳ ಬರುವುದಿಲ್ಲ, ಏಕೆಂದರೆ ಅದರಲ್ಲಿ ತಿರುಗುವ ಭಾಗವೇ ಇಲ್ಲ. ಅದು ಬಿಸಿಯಿಂದ ಅಥವಾ ಒಳಗಿನ ತಂತ್ರಾಂಶದ ದೋಷದಿಂದ ಮಾಯವಾಗಬಹುದು. 2023ರಲ್ಲಿ ಸ್ಯಾನ್‌ಡಿಸ್ಕ್ ಎಕ್ಸ್‌ಟ್ರೀಮ್ ಸರಣಿಯ ಕೆಲವು ಪೋರ್ಟೆಬಲ್ ಎಸ್‌ಎಸ್‌ಡಿಗಳು ಕಂಪ್ಯೂಟರಿನಿಂದ ಇದ್ದಕ್ಕಿದ್ದಂತೆ ಕಳಚಿಕೊಳ್ಳುತ್ತಿದ್ದವು. ತಯಾರಕರಾದ ವೆಸ್ಟರ್ನ್ ಡಿಜಿಟಲ್ ಅದಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಬಿಡುಗಡೆ ಮಾಡಬೇಕಾಯಿತು. ಎಸ್‌ಎಸ್‌ಡಿ ಇದ್ದವರು ತಯಾರಕರ ವೆಬ್‌ಸೈಟಿನಲ್ಲಿ ತಮ್ಮ ಮಾದರಿಗೆ ಅಪ್‌ಡೇಟ್ ಇದೆಯೇ ಎಂದು ನೋಡುವುದು ಒಳ್ಳೆಯದು. ಆದರೆ ಫೈಲುಗಳನ್ನು ಬೇರೆಡೆ ಇಟ್ಟ ಮೇಲೆ ಮಾತ್ರ ಅಪ್‌ಡೇಟ್ ಮಾಡಿ.

ಮಳೆ, ಧೂಳು, ಕರೆಂಟು

ಧಾರವಾಡದ ಮಳೆಗಾಲದ ತೇವ, ಹುಬ್ಬಳ್ಳಿಯ ಬೇಸಿಗೆಯ ಧೂಳು ಎರಡೂ ಮೊದಲು ಕಾಡುವುದು ಪೋರ್ಟನ್ನು. ಪಿನ್ನಿನ ಮೇಲೆ ಕಿಲುಬು, ಧೂಳು ಕೂತರೆ ಸಂಪರ್ಕ ಬಿಟ್ಟು ಬಿಟ್ಟು ಸಿಗುತ್ತದೆ. ಕಂಪ್ಯೂಟರ್ ಆಫ್ ಮಾಡಿ, ಒಣಗಿದ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಬಾಯಿಂದ ಊದಬೇಡಿ, ಉಸಿರಿನಲ್ಲಿ ತೇವ ಇರುತ್ತದೆ.

ದೊಡ್ಡ ಗಾತ್ರದ, ಅಡಾಪ್ಟರ್ ಬೇಕಾಗುವ ಡಿಸ್ಕುಗಳಿಗೆ ಕರೆಂಟು ಹೋಗಿ ಬರುವುದು ನೇರ ಪೆಟ್ಟು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಗೋಡೆಯ ಸಾಕೆಟ್ಟಿನಲ್ಲಿರುವ ಡಿಸ್ಕ್ ಮಾತ್ರ ಬರೆಯುವ ನಡುವೆಯೇ ನಿಂತುಹೋಗುತ್ತದೆ. ಅಂಥ ಡಿಸ್ಕನ್ನು ಯುಪಿಎಸ್‌ಗೆ ಜೋಡಿಸಿ. ಡಿಸ್ಕ್ ತಿರುಗುತ್ತಿರುವಾಗ ಅಲುಗಾಡಿಸಬಾರದು. ಚಿಗರಿ ಬಸ್ಸಿನಲ್ಲಿ ಮಡಿಲ ಮೇಲೆ ಲ್ಯಾಪ್‌ಟಾಪ್ ಇಟ್ಟು ಫೋಟೊ ಕಾಪಿ ಮಾಡುವ ಬದಲು ಮನೆ ಮುಟ್ಟಿದ ಮೇಲೆ ಮಾಡಿ.

ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

“ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ”: ಇದು ಹಳೆಯ ಕಾಲದ ಡಿಸ್ಕುಗಳಿಂದ ಬಂದ ಮಾತು. ಆಗ ಹೆಡ್ ತಟ್ಟೆಗೆ ಅಂಟಿಕೊಂಡಾಗ, ಬಿಡಿಭಾಗ ಸಿಕ್ಕಿಕೊಂಡಾಗ ತಂಪಿಗೆ ಕುಗ್ಗಿ ಒಮ್ಮೊಮ್ಮೆ ಬಿಡುತ್ತಿತ್ತು. ಇಂದಿನ ಡಿಸ್ಕನ್ನು ಫ್ರೀಜರ್‌ನಿಂದ ತೆಗೆದರೆ, ತಣ್ಣನೆಯ ನೀರಿನ ಬಾಟಲಿಯ ಮೇಲೆ ಹನಿ ಕೂರುವಂತೆ ಅದರಲ್ಲೂ ನೀರು ಕೂರುತ್ತದೆ. ಹೆಚ್ಚಿನ ಡಿಸ್ಕುಗಳಲ್ಲಿ ಗಾಳಿಯ ಒತ್ತಡ ಸಮವಾಗಲು ಸಣ್ಣ ರಂಧ್ರ ಇರುವುದರಿಂದ ತೇವ ಒಳಗೂ ಹೋಗುತ್ತದೆ. ಮಾಡಬೇಡಿ.

“ತಟ್ಟಿದರೆ ನಡೆಯುತ್ತದೆ”: ಹೆಡ್ ಮತ್ತು ತಟ್ಟೆಯ ನಡುವಿನ ಸಂದಿ ಎಷ್ಟು ಎಂದು ಮೇಲೆ ನೋಡಿದಿರಿ. ತಟ್ಟುವುದು ಬೇಡ.

“ಫಾರ್ಮ್ಯಾಟ್ ಮಾಡಿ ಎಂದು ಕಂಪ್ಯೂಟರೇ ಹೇಳುತ್ತಿದೆ”: ಡಿಸ್ಕಿನ ಸೂಚಿ ಓದಲಾಗದಿದ್ದಾಗ ವಿಂಡೋಸ್ ಹೀಗೆ ಕೇಳುತ್ತದೆ. ಫೈಲುಗಳು ಇನ್ನೂ ಒಳಗೇ ಇರಬಹುದು. ಕ್ಯಾನ್ಸಲ್ ಒತ್ತಿ. ಮೊಬೈಲಿನಲ್ಲೂ ಅಷ್ಟೇ: ಕಂಪ್ಯೂಟರಿನ ಡಿಸ್ಕನ್ನು ಕೆಲವು ಫೋನುಗಳು ಓದಲಾರವು, ಆದ್ದರಿಂದ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತವೆ. ಒಪ್ಪಬೇಡಿ.

“ಸೇಫ್ಲಿ ರಿಮೂವ್ ಈಗ ಬೇಕಿಲ್ಲ”: ಅರ್ಧ ನಿಜ. 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡಿಸ್ಕುಗಳಿಗೆ ಬೇಗ ತೆಗೆಯಬಹುದಾದ ವ್ಯವಸ್ಥೆ ಬಂದಿದೆ. ಆದರೂ ಬರವಣಿಗೆ ನಡೆಯುತ್ತಿರುವಾಗ ಕಿತ್ತರೆ ಫೈಲ್ ಕೆಡುತ್ತದೆ. ಎರಡು ಕ್ಲಿಕ್ಕಿನ ಕೆಲಸ, ಮಾಡಿಬಿಡಿ.

“ಆ್ಯಪ್ ಗುಡ್ ಎಂದು ತೋರಿಸಿತು, ಡಿಸ್ಕ್ ಗಟ್ಟಿಯಿದೆ”: ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶಗಳು ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟ ಲೆಕ್ಕವನ್ನು ತೋರಿಸುತ್ತವೆ. ಅದರಲ್ಲಿ 05, ಸಿ5, ಸಿ6 ಸಾಲುಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಕೆಡುತ್ತಿದೆ. ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಸಿ7 ಮಾತ್ರ ಏರುತ್ತಿದ್ದರೆ ಕೇಬಲ್ ಮೇಲೆ ಸಂಶಯ ಪಡಿ. ಆದರೆ ಗುಡ್ ಎಂಬುದು ಗ್ಯಾರಂಟಿ ಅಲ್ಲ. ಗೂಗಲ್ ತನ್ನ 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಮೂರನೇ ಒಂದಕ್ಕೂ ಹೆಚ್ಚು ಇಂಥ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ. ಮುನ್ಸೂಚನೆ ಕೊಟ್ಟರಂತೂ ಕಾಯಲೇಬಾರದು: ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚಾಗಿತ್ತು.

ಫೈಲುಗಳನ್ನು ಉಳಿಸುವ ಕ್ರಮ

ಕೇಬಲ್ ಬದಲಿಸಿದ ಮೇಲೆ ಡಿಸ್ಕ್ ಸ್ವಲ್ಪ ಹೊತ್ತಾದರೂ ನಿಂತರೆ, ಮೊದಲು ಮತ್ತೆ ಸಿಗದ ಫೈಲುಗಳನ್ನು ತೆಗೆದುಕೊಳ್ಳಿ: ಫೋಟೊ, ಧ್ವನಿ, ಪ್ರಬಂಧ. ಸಿನಿಮಾಗಳು ಕಡೆಗೆ. ಸಣ್ಣ ಸಣ್ಣ ಕಂತುಗಳಲ್ಲಿ ಕಾಪಿ ಮಾಡಿ. ಈ ಕೆಲಸ ಮುಗಿಯುವ ತನಕ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಡಿಸ್ಕಿನ ಲೆಕ್ಕವನ್ನು ಸರಿಪಡಿಸುತ್ತದೆಯೇ ಹೊರತು ನಿಮ್ಮ ಫೈಲನ್ನು ಕಾಯುವುದಿಲ್ಲ. ಬಳಲಿದ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ ಕೂಡ. ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕಿಗೆ ಹಾಕಬೇಡಿ. ಸಿಕ್ಕ ಫೈಲುಗಳನ್ನೂ ಅದರಲ್ಲೇ ಬರೆಯಬೇಡಿ.

ಅಂಗಡಿಗೆ ಕೊಡುವುದಾದರೆ ಮೂರು ಪ್ರಶ್ನೆ ಕೇಳಿ. ಮೊದಲು ಇಡೀ ಡಿಸ್ಕಿನ ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡುತ್ತೀರಾ? ಡಿಸ್ಕನ್ನು ಬಿಚ್ಚಬೇಕಾದರೆ ಧೂಳಿಲ್ಲದ ಕ್ಲೀನ್ ರೂಮ್ ಇದೆಯೇ? ಫೈಲ್ ಸಿಗದಿದ್ದರೆ ಎಷ್ಟು ಹಣ? ಮೇಜಿನ ಮೇಲೆಯೇ ಮುಚ್ಚಳ ತೆಗೆಯುತ್ತೇವೆ ಎಂದರೆ ಡಿಸ್ಕ್ ಎತ್ತಿಕೊಂಡು ಬನ್ನಿ. “ಇನ್ನೊಂದು ಡಿಸ್ಕಿನ ಬೋರ್ಡು ಹಾಕಿದರೆ ಆಯಿತು” ಎಂಬ ಮಾತೂ ಇಂದಿನ ಡಿಸ್ಕುಗಳಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ಏಕೆಂದರೆ ಪ್ರತಿ ಬೋರ್ಡಿನಲ್ಲೂ ಆ ಡಿಸ್ಕಿಗೇ ಸೇರಿದ ಮಾಹಿತಿ ಇರುತ್ತದೆ. ನೆನಪಿಡಿ, ಸಾಮಾನ್ಯವಾಗಿ ವಾರಂಟಿ ಡಿಸ್ಕಿಗೆ ಇರುತ್ತದೆ, ಒಳಗಿನ ಫೈಲುಗಳಿಗಲ್ಲ.

ಒಂದು ಹುಬ್ಬಳ್ಳಿಯಲ್ಲಿ, ಒಂದು ಧಾರವಾಡದಲ್ಲಿ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ ಸೂತ್ರವೊಂದಿದೆ, 3-2-1. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ ಇರಲಿ, ಒಂದು ಪ್ರತಿ ಬೇರೆ ಸ್ಥಳದಲ್ಲಿರಲಿ. ಅವಳಿ ನಗರದವರಿಗೆ ಇದು ಸುಲಭ. ಒಂದು ಡಿಸ್ಕ್ ಹುಬ್ಬಳ್ಳಿಯ ಮನೆಯಲ್ಲಿ, ಇನ್ನೊಂದು 20 ಕಿಲೊಮೀಟರ್ ಆಚೆ ಧಾರವಾಡದ ಬಂಧುಗಳ ಮನೆಯಲ್ಲಿ, ತೀರಾ ಬೇಕಾದವು ಗೂಗಲ್ ಡ್ರೈವ್‌ನಂಥ ಕಡೆ. ಆಗ ಒಂದು ಡಿಸ್ಕ್ ಕಳಚಿಕೊಂಡರೆ ಹೋಗುವುದು ಆ ಡಿಸ್ಕಿನ ಬೆಲೆ ಮಾತ್ರ.

ಮುಂದಿನ ಸಲ ಫ್ರೀಜರ್‌ನ ಸಲಹೆ ಗುಂಪಿಗೆ ಬಂದರೆ, ಉತ್ತರವಾಗಿ ಇಷ್ಟು ಕಳಿಸಿ: ಕೇಬಲ್ ಬದಲಿಸಿ, ಸಪ್ಪಳ ಕೇಳಿ, ಫೈಲ್ ಉಳಿಸಿ, ಫಾರ್ಮ್ಯಾಟ್ ಒತ್ತಬೇಡಿ.